ಅಕ್ಷರ ಸೇವೆಯ ಭಾನುವಾರಗಳು

ಸೇವೆ ಎಂಬ ಮಾತು ಕಿವಿಗೆ ಬಿದ್ದರೆ ಈಗಲೂ ನನಗೆ ಮೊದಲು ನೆನಪಾಗುವುದು ಹನ್ನೊಂದು ಜನ ಸಾಲಾಗಿ ನಿಂತ ಒಂದು ಫೋಟೋ. ಐವತ್ತರ ದಶಕ ಮುಗಿದು ಅರವತ್ತು ಹಿಡಿಯುವ ಹೊತ್ತಿಗೆ, ಹಂಪನಕಟ್ಟೆಯ ಬಸ್ಸುಗಳ ಗಲಾಟೆಯಿಂದ ಎರಡು ತಿರುವು ಒಳಗೆ ಇದ್ದ ಒಂದು ಸಾರ್ವಜನಿಕ ವಾಚನಾಲಯದ ಮೆಟ್ಟಿಲಿನ ಮೇಲೆ ಅದನ್ನು ತೆಗೆದದ್ದು. ನಡುವೆ ಕುರ್ಚಿಯಲ್ಲಿ ಕೂತವರು ಅಧ್ಯಕ್ಷರು. ಅವರ ಹಿಂದೆ, ಪಕ್ಕದಲ್ಲಿ, ಅವತ್ತಷ್ಟೇ ಸ್ವಯಂಸೇವಕರಾಗಿ ಹೆಸರು ಕೊಟ್ಟವರು. ಎಡತುದಿಯಲ್ಲಿ ನೀಲಿ ಸೀರೆ ಉಟ್ಟು, ಗಲ್ಲ ಸ್ವಲ್ಪ ಮೇಲೆತ್ತಿ, ಲೋಕಕ್ಕೇ ಉಪಕಾರ ಮಾಡಲು ಹೊರಟವಳಂತೆ ನಿಂತವಳು ನಾನು. ಫೋಟೋದಲ್ಲಿ ನೀಲಿ ಕಾಣುವುದಿಲ್ಲ, ಗಲ್ಲ ಕಾಣುತ್ತದೆ.

ನನಗಾಗ ಇಪ್ಪತ್ತನಾಲ್ಕು. ಕಂಕನಾಡಿಯಲ್ಲಿ ನಮ್ಮ ಮನೆ. ಹುಡುಗಿಯರ ಪ್ರಾಥಮಿಕ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದರೆ ಮಧ್ಯಾಹ್ನದ ಮೇಲೆ ಮಾಡಲು ಏನೂ ಇರುತ್ತಿರಲಿಲ್ಲ ಎಂದಲ್ಲ. ಮನೆಯಲ್ಲಿ ಬೇಕಾದಷ್ಟು ಕೆಲಸ ಇತ್ತು. ವಾಚನಾಲಯದಲ್ಲಿ ಸೇವೆಗೆ ಸೇರಿದೆ ಎಂದಾಗ ಅಮ್ಮ ಮೀನು ಕತ್ತರಿಸುತ್ತಿದ್ದವಳು ತಲೆ ಎತ್ತದೆ, "ಆ ಸೇವೆ ಪಾತ್ರೆ ತೊಳೆಯುವಾಗ ನಿನಗೆ ಯಾಕೆ ಬರುವುದಿಲ್ಲ?" ಎಂದು ಕೊಂಕಣಿಯಲ್ಲಿ ಕೇಳಿದ್ದಳು. ನಾನು ಅವಳನ್ನು ಅನಾಗರಿಕಳು ಎಂದುಕೊಂಡೆ. ಆ ಕಾಲದಲ್ಲಿ ನಾನು ಬಹಳ ಜನರನ್ನು ಹಾಗೆ ಅಂದುಕೊಳ್ಳುತ್ತಿದ್ದೆ.

ಅಧ್ಯಕ್ಷರು ಕೋರ್ಟು ಬಿಟ್ಟು ಕೆಲವು ವರ್ಷ ಆಗಿದ್ದ ವಕೀಲರು. ಊರೆಲ್ಲ ಅವರನ್ನು ವಕೀಲರೇ ಎನ್ನುತ್ತಿತ್ತು. ವಾಚನಾಲಯಕ್ಕೆ ದಿನಾ ಸಂಜೆ ಬರುತ್ತಿದ್ದರು, ಆದರೆ ಅವರು ಒಂದು ಪುಸ್ತಕ ತೆರೆದದ್ದನ್ನು ನಾನು ಕಂಡಿಲ್ಲ. ಪುಸ್ತಕಗಳ ಬೆನ್ನು ನೋಡುತ್ತಾ, ಕೈ ಹಿಂದಕ್ಕೆ ಕಟ್ಟಿ, ಕಪಾಟುಗಳ ನಡುವೆ ನಡೆಯುವುದು ಅವರ ವಾಯುವಿಹಾರ. ಜೈಲಿನ ಮೇಲಧಿಕಾರಿ ಕೋಣೆಗಳ ಮುಂದೆ ಹಾಗೆ ನಡೆಯುತ್ತಾನಂತೆ. ವಾರಕ್ಕೊಂದು ಉಪನ್ಯಾಸ ಎಂಬ ಕಾರ್ಯಕ್ರಮ ಅವರದೇ ಕಲ್ಪನೆ. ಮೊದಲ ನಾಲ್ಕು ಉಪನ್ಯಾಸಗಳನ್ನೂ ಅವರೇ ಕೊಟ್ಟರು. ಕೇಳಲು ಕೂತವರಲ್ಲಿ ಅರ್ಧ ಜನ ಮಳೆಗೆ ಸಿಕ್ಕಿ ಒಳಗೆ ಬಂದವರು. ಮಳೆ ನಿಂತದ್ದೇ ಎದ್ದು ಹೋದರು. ಐದನೆಯ ಉಪನ್ಯಾಸಕ್ಕೆ ಬಿಸಿಲಿತ್ತು. ಆಮೇಲೆ ಆ ಕಾರ್ಯಕ್ರಮದ ಸುದ್ದಿ ಯಾರೂ ಎತ್ತಲಿಲ್ಲ.

ಅದರ ಬದಲಿಗೆ ಹುಟ್ಟಿದ್ದು ಅಕ್ಷರ ಸೇವೆ. ಓದು ಬಾರದ ದೊಡ್ಡವರಿಗೆ ಪ್ರತಿ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಉಚಿತವಾಗಿ ಕನ್ನಡ ಕಲಿಸುವುದು. ಫೋಟೋ ತೆಗೆದದ್ದು ಅದರ ಉದ್ಘಾಟನೆಯ ದಿನ. ಹನ್ನೊಂದು ಸ್ವಯಂಸೇವಕರು, ಹನ್ನೊಂದು ಹೂವಿನ ಹಾರ, ಅಧ್ಯಕ್ಷರ ಮುಕ್ಕಾಲು ಗಂಟೆಯ ಭಾಷಣ. ಕಲಿಯುವವರು ಮಾತ್ರ ಅವತ್ತು ಒಬ್ಬರೂ ಇರಲಿಲ್ಲ. ಅವರನ್ನು ಕರೆಯುವುದು ಯಾರಿಗೂ ಹೊಳೆದಿರಲಿಲ್ಲ.

ಮುಂದಿನ ಭಾನುವಾರ ನಾನು ಹೋದಾಗ ಸ್ವಯಂಸೇವಕರಲ್ಲಿ ಬಂದಿದ್ದವರು ಇಬ್ಬರೇ: ನಾನು ಮತ್ತು ಒಬ್ಬ ಡಾಕ್ಟರರ ಹೆಂಡತಿ. ಈಕೆಯನ್ನು ಎಲ್ಲರೂ ಡಾಕ್ಟ್ರಮ್ಮ ಎನ್ನುತ್ತಿದ್ದರು; ಅವರು ಯಾರಿಗೂ ಒಂದು ಮಾತ್ರೆ ಕೊಟ್ಟವರಲ್ಲ. ನಮ್ಮದೇ ಇಗರ್ಜಿಯವರು, ಚರ್ಚಿನಲ್ಲಿ ಮುಂದಿನ ಬೆಂಚಿನವರು. ಉಳಿದ ಒಂಬತ್ತು ಮಂದಿ ಮುಂದೆ ಬರುತ್ತಾರೆ ಎಂದು ನಾನು ಕೆಲವು ವಾರ ನಂಬಿದ್ದೆ. ಅವರಲ್ಲೊಬ್ಬರು ನನಗೆ ಬಸ್ಸಿನಲ್ಲಿ ಸಿಕ್ಕಿ, "ಎಂತ, ನಮ್ಮ ಸೇವೆ ಜೋರಾಗಿ ನಡೀತಾ ಉಂಟಾ?" ಎಂದು ವಿಚಾರಿಸಿದರು.

ಆದರೆ ಆ ಭಾನುವಾರ ಕಲಿಯುವವರು ಬಂದಿದ್ದರು. ಒಂಬತ್ತು ಜನ ಹೆಂಗಸರು, ಎಲ್ಲರೂ ಒಂದೇ ಗೇರುಬೀಜದ ಕಾರ್ಖಾನೆಯವರು. ಮೆಟ್ಟಿಲ ಕೆಳಗೆ, ಹತ್ತಬಹುದೋ ಬಾರದೋ ಎಂದು ನಿಂತಿದ್ದರು. ಇವರನ್ನು ಯಾರು ಕರೆದರು ಎಂದು ನಾನು ಕೇಳಲಿಲ್ಲ. ಅಧ್ಯಕ್ಷರು, "ನೋಡಿ, ನನ್ನ ಭಾಷಣ ಎಲ್ಲಿಯವರೆಗೆ ಮುಟ್ಟಿದೆ" ಎಂದರು. ಭಾಷಣಕ್ಕೆ ಅಷ್ಟು ಕಾಲು ಇರುವುದು ಸಾಧ್ಯವೇ ಎಂದು ನನಗಾಗ ಅನಿಸಲಿಲ್ಲ.

ಇದನ್ನೆಲ್ಲ ನೋಡುತ್ತಾ ಬಾಗಿಲ ಪಕ್ಕದ ಮೇಜಿನ ಹಿಂದೆ ಕೂತಿದ್ದವರು ವಾಚನಾಲಯದ ಗ್ರಂಥಪಾಲಕರು. ಐವತ್ತೈದು ದಾಟಿದವರು, ದೇರೆಬೈಲಿನ ಕಡೆಯ ಒಂದು ಸಣ್ಣ ದೇವಸ್ಥಾನದ ಅರ್ಚಕರ ಮನೆಯವರು. ಬೆಳಿಗ್ಗೆ ಅಣ್ಣನ ಜೊತೆ ಪೂಜೆಗೆ ನಿಂತು, ಹತ್ತು ಗಂಟೆಗೆ ಇಲ್ಲಿ ಬಂದು ಕೂರುತ್ತಿದ್ದರು. ನಶ್ಯ ಏರಿಸುವುದು, ಸೀನುವುದು, ತೂಕಡಿಸುವುದು, ಇಷ್ಟೇ ಅವರ ಉದ್ಯೋಗ ಎಂಬುದು ನನ್ನ ತೀರ್ಮಾನ. ಪುಸ್ತಕ ಕೇಳಿದರೆ ಕಣ್ಣು ತೆರೆಯದೆ, "ಮೂರನೇ ಕಪಾಟು, ಕೆಂಪು ರಟ್ಟು" ಎನ್ನುತ್ತಿದ್ದರು. ಆ ಕಟ್ಟಡದಲ್ಲಿ ನಾನು ಅತ್ಯಂತ ಕೀಳಾಗಿ ಕಂಡದ್ದು ಅವರನ್ನು.

ಒಂಬತ್ತು ಜನರಲ್ಲಿ ಒಬ್ಬಳು ಮೊದಲ ದಿನವೇ ಎದ್ದು ಕಂಡಳು. ಮೂವತ್ತೈದರ ಸುಮಾರು, ಎತ್ತರದವಳು, ಮಾತಾಡುವಾಗ ಎದುರಿನವರನ್ನು ಅಳೆಯುವ ಹಾಗೆ ನೋಡುವವಳು. ಎಲ್ಲರೂ ಯಾಕೆ ಕಲಿಯಬೇಕೆಂದು ಬಂದಿದ್ದೀರಿ ಎಂದು ಡಾಕ್ಟ್ರಮ್ಮ ಕೇಳಿದರು. ಉಳಿದವರು ನಾಚಿ ಸೆರಗು ಹಿಡಿದರು. ಅವಳು ಹೇಳಿದಳು:

"ನನ್ನ ಗಂಡನಿಗೆ ಓದ್ಲಿಕ್ಕೆ ಬರ್ತದೆ. ಪೇಪರು, ಚೀಟಿ, ನೋಟೀಸು, ಎಲ್ಲ ಅವನೇ ಓದಿ ಹೇಳುದು. ಅದ್ರಲ್ಲಿ ಅರ್ಧ ಸುಳ್ಳು. ಯಾವ ಅರ್ಧ ಅಂತ ನನಗೆ ಗೊತ್ತಾಗ್ಬೇಕು."

ಡಾಕ್ಟ್ರಮ್ಮನಿಗೆ ಇದು ಹಿಡಿಸಲಿಲ್ಲ. ಜ್ಞಾನದಾಹ ಎಂದೋ, ಮಕ್ಕಳ ಭವಿಷ್ಯ ಎಂದೋ ಉತ್ತರ ಬರುತ್ತದೆ ಎಂದು ಅವರು ಕಾದಿದ್ದರು. ನನಗೆ ನಗು ಬಂತು, ತಡೆದುಕೊಂಡೆ.

ಕಲಿಸುವ ಕೆಲಸ ಬಹುತೇಕ ನನ್ನ ಮೇಲೆಯೇ ಬಿತ್ತು. ಡಾಕ್ಟ್ರಮ್ಮ ಬೀಸಣಿಗೆ ಹಿಡಿದು ಬೆಂಚಿನಲ್ಲಿ ಕೂತು ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ಹೆಂಗಸರ ಮನೆಮಾತು ತುಳು. ಕನ್ನಡ ಅವರಿಗೆ ಅಂಗಡಿಯ, ಬಸ್ಸಿನ, ಮಾಲೀಕರ ಮಾತು. ಅಧ್ಯಕ್ಷರು ಕೊಟ್ಟ ಬಾಲಬೋಧೆಯಲ್ಲಿ ಅರಸ, ಈಟಿ, ಋಷಿ ಇದ್ದರು. ಆ ಎತ್ತರದವಳು, "ಅರಸ ಎಂತಕ್ಕೆ ಬಾಯಮ್ಮ ನಮಗೆ? ಬಸ್ಸು ಬರೀರಿ" ಎಂದಳು. ಕ್ರಿಸ್ತಾನ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಬಾಯಮ್ಮ ಎಂದು ಕರೆಯುವುದು. ನಾನು ಬಸ್ಸು ಬರೆದೆ. ಸೋಪು, ಅಕ್ಕಿ, ಬಾಗಿಲು, ಗಂಡ ಬರೆದೆ. ಗಂಡ ಎಂದು ಬರೆದ ದಿನ ಒಂಬತ್ತೂ ಜನ ನಕ್ಕ ನಗುವಿಗೆ ಗ್ರಂಥಪಾಲಕರ ನಿದ್ದೆ ಕೆಟ್ಟಿತು.

ನನ್ನ ಅಕ್ಷರ ಚೆನ್ನಾಗಿತ್ತು. ಕಾನ್ವೆಂಟಿನ ಸಿಸ್ಟರುಗಳು ಕಾಪಿ ಬರೆಸಿ ಬರೆಸಿ ತಿದ್ದಿದ ಅಕ್ಷರ. ಅದರಲ್ಲಿ ನನ್ನದೇ ಒಂದು ಶೋಕಿ ಇತ್ತು: 'ಳ' ಬರೆಯುವಾಗ ಕೊನೆಯ ಎಳೆಯನ್ನು ಗೆರೆಯ ಕೆಳಗೆ ಉದ್ದಕ್ಕೆ ಎಳೆದು ಸುತ್ತಿ ಬಿಡುತ್ತಿದ್ದೆ. ಎತ್ತರದವಳು ಅದನ್ನು ಹಲ್ಲಿಯ ಬಾಲ ಎನ್ನುತ್ತಿದ್ದಳು. ಅವಳು ಬೇಗ ಕಲಿತಳು. ಕಾಗುಣಿತ ಮುಗಿಯುವ ಹೊತ್ತಿಗೆ ಅವಳಿಗೆ ಉಳಿದವರ ಸ್ಲೇಟು ತಿದ್ದುವಷ್ಟು ಬಂದಿತ್ತು.

ಈಗ ಕೈಗಳ ವಿಷಯ ಹೇಳಬೇಕು. ಗೇರುಬೀಜ ಒಡೆಯುವವರ ಕೈ ನೋಡಿದವರಿಗೆ ಗೊತ್ತು. ಸುಟ್ಟ ಬೀಜವನ್ನು ಮರದ ಕೊಡತಿಯಿಂದ ಕುಟ್ಟಿ ಒಡೆಯುವಾಗ ಸಿಪ್ಪೆಯ ಎಣ್ಣೆ ಬೆರಳಿಗೆ ಹತ್ತುತ್ತದೆ. ಅದು ಚರ್ಮ ಸುಡುತ್ತದೆ, ಸುಲಿಯುತ್ತದೆ, ಕಪ್ಪಾಗಿಸುತ್ತದೆ. ಬೂದಿ ಹಚ್ಚಿಕೊಂಡು ಕೂರುತ್ತಾರೆ, ಆದರೂ ಹತ್ತುತ್ತದೆ. ಆ ಕಪ್ಪು ಸೋಪಿಗೆ ಹೋಗುವುದಿಲ್ಲ, ಸೀಮೆಎಣ್ಣೆಗೆ ಹೋಗುವುದಿಲ್ಲ. ಚರ್ಮ ಹೋದರೆ ಜೊತೆಗೆ ಹೋಗುತ್ತದೆ. ಒಂಬತ್ತು ಜನರೂ ಮಿಂದು, ತಲೆ ಬಾಚಿ, ಹೂ ಮುಡಿದು ಬರುತ್ತಿದ್ದರು. ಭಾನುವಾರ ಮಧ್ಯಾಹ್ನ ಆ ಕಟ್ಟಡದಲ್ಲಿ ಅವರಷ್ಟು ಚೊಕ್ಕಟವಾಗಿ ಇದ್ದವರು ಬೇರೆ ಇರಲಿಲ್ಲ. ಬೆರಳು ಮಾತ್ರ ಕಪ್ಪು.

ಒಂದು ದಿನ ಅವರಲ್ಲೊಬ್ಬಳು ಮೇಜಿನ ಮೇಲಿದ್ದ ಚಿತ್ರಗಳ ದೊಡ್ಡ ಪುಸ್ತಕವೊಂದನ್ನು ತೆರೆದು ನೋಡಿದಳು. ಪ್ರಾಣಿಗಳ ಚಿತ್ರಗಳಿದ್ದ, ಯಾರೋ ದಾನ ಕೊಟ್ಟ ಇಂಗ್ಲಿಷ್ ಪುಸ್ತಕ. ಮರುದಿನ, ಮೇಜಿನ ಮೇಲೆ ತೆರೆದೇ ಬಿದ್ದಿದ್ದ ಅದರ ಒಂದು ಪುಟದಲ್ಲಿ ಅಧ್ಯಕ್ಷರು ಕಲೆ ಕಂಡುಹಿಡಿದರು. ನಾನೂ ನೋಡಿದೆ. ಅದು ನಶ್ಯದ ಕಂದು ಕಲೆ. ಮೂಸಿದರೆ ಯಾರಿಗಾದರೂ ಗೊತ್ತಾಗುವಂಥದು. ಮೂಸುವವರು ಯಾರು? ವಾಚನಾಲಯದ ಕಮಿಟಿ ಕೂತಿತು, ನನ್ನನ್ನೂ ಕರೆದಿದ್ದರು. ಡಾಕ್ಟ್ರಮ್ಮ, "ಪಾಪ, ಅವರ ತಪ್ಪಲ್ಲ, ಆದರೆ ಕೈ ನೋಡಿದ್ದೀರಾ?" ಎಂದರು. ಇನ್ನೊಬ್ಬ ಸದಸ್ಯರು ಪುಸ್ತಕ ಎಂದರೆ ಸರಸ್ವತಿ ಎಂದರು. ಸರಸ್ವತಿಯ ಕಾಲ ಬುಡದಲ್ಲಿ ಅವರು ಚಪ್ಪಲಿ ಹಾಕಿಕೊಂಡೇ ಕೂತಿದ್ದರು. ತರಗತಿಯನ್ನು ಒಳಗಿನ ಹಾಲಿನಿಂದ ಹಿಂದಿನ ಜಗಲಿಗೆ ಹಾಕಬೇಕು, ಕಪಾಟುಗಳ ಹತ್ತಿರ ಒಂದು ಸೂಚನೆ ಬರೆದು ಅಂಟಿಸಬೇಕು ಎಂದು ತೀರ್ಮಾನ ಆಯಿತು.

"ಬರೆಯುವುದು ನೀವೇ ಆಗಬೇಕು ಟೀಚರೇ. ನಿಮ್ಮ ಅಕ್ಷರ ಮುತ್ತಿನ ಹಾಗೆ ಉಂಟು," ಎಂದರು ಅಧ್ಯಕ್ಷರು.

ಅದು ನಶ್ಯದ ಕಲೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಮುತ್ತಿನ ಹಾಗೆ ಎಂಬ ಮಾತು ನನಗೆ ಸಾಕಾಗಿತ್ತು. ದಪ್ಪ ಕಾಗದದ ಮೇಲೆ ಬ್ರಷ್ಷು ಹಿಡಿದು ಬರೆದೆ: "ಕೊಳಕು ಕೈಯವರು ಪುಸ್ತಕಗಳನ್ನು ಮುಟ್ಟಬಾರದು." ಎರಡು ಕಡೆ 'ಳ' ಬರುತ್ತದೆ, ಎರಡಕ್ಕೂ ಬಾಲ ಎಳೆದೆ. ಬರೆಯುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು, ಹೇಗೂ ಅವರು ಇನ್ನು ಒಳಗೆ ಬರುವುದಿಲ್ಲ, ಬಂದರೂ ಓದಲು ಬರುವುದಿಲ್ಲ ಎಂದು. ಅವರಿಗೆ ಓದು ಕಲಿಸುತ್ತಿದ್ದವಳು ನಾನು. ಇದನ್ನು ಬರೆಯುವಾಗ ಈಗ, ನನ್ನ ಮೇಲೆ ನನಗಿರುವುದರ ಮುಂದೆ, ಅಧ್ಯಕ್ಷರ ಮೇಲಿನ ತಿರಸ್ಕಾರ ಅಷ್ಟೇನೂ ದೊಡ್ಡದು ಅನಿಸುವುದಿಲ್ಲ.

ಜಗಲಿಗೆ ಹಾಕಿದ ಮೇಲೆ ಡಾಕ್ಟ್ರಮ್ಮನ ಮನಸ್ಸು ಕರಗಿತು. ಮುಂದಿನ ಭಾನುವಾರ ಒಂದು ಬಟ್ಟೆಗಂಟು ತಂದು ಬಿಚ್ಚಿದರು. ಒಳಗೆ ಬಿಳಿ ಕೈಗವಸುಗಳು: ಮದುವೆಗೆ ಹಾಕಿಕೊಳ್ಳುವ, ರೇಷ್ಮೆಯ, ಜಾಳಿಗೆಯ ಕೈಗವಸುಗಳು. ಅವರದ್ದು, ಅವರ ತಂಗಿಯರದ್ದು, ಯಾವಳೋ ಚಿಕ್ಕಮ್ಮನದ್ದು.

"ಇದು ಹಾಕಿಕೊಂಡರೆ ನೀವೂ ಪುಸ್ತಕ ಮುಟ್ಟಬಹುದು. ನಾನೇ ಯೋಚಿಸಿದ್ದು," ಎಂದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು ಹಾಕಿಕೊಳ್ಳಲು ಹೋದಳು, ಹೆಬ್ಬೆರಳಿನಲ್ಲೇ ನಿಂತಿತು. ಇನ್ನೊಬ್ಬಳಿಗೆ ಸಿಕ್ಕಿದ ಎರಡೂ ಎಡಗೈಯವು. ಎತ್ತರದವಳು ಜೋರಾಗಿ ಎಳೆದಾಗ ಹೊಲಿಗೆ ಬಿಟ್ಟು, ಬಿಳಿ ರೇಷ್ಮೆಯ ನಡುವಿನಿಂದ ಕಪ್ಪು ತೋರುಬೆರಳು ಹೊರಗೆ ಬಂತು. ಅವಳು ಆ ಬೆರಳನ್ನು ಒಮ್ಮೆ ಬಾಗಿಸಿ, ಒಮ್ಮೆ ನೆಟ್ಟಗೆ ಮಾಡಿ ನೋಡಿದಳು. ಒಂಬತ್ತೂ ಜನ ಹೊಟ್ಟೆ ಹಿಡಿದು ನಗಲು ಶುರು ಮಾಡಿದರು. ಅವರಲ್ಲಿ ಹಿರಿಯಳೊಬ್ಬಳು ಕಣ್ಣೀರು ಒರೆಸಿಕೊಂಡದ್ದೂ ಜಾಳಿಗೆಯ ಕೈಗವಸಿನಿಂದಲೇ.

"ಇದು ಹಾಕಿದ್ರೆ ಪುಟ ತಿರುಗುದಿಲ್ಲ ಅಮ್ಮ. ಮದುವೆಗೆ ಆದೀತು," ಎಂದಳು ಎತ್ತರದವಳು.

ಡಾಕ್ಟ್ರಮ್ಮ ಗಂಟು ಕಟ್ಟಿಕೊಂಡು, "ಉಪಕಾರ ತಿಳಿಯದವರು" ಎಂದು ನನ್ನ ಕಿವಿಯಲ್ಲಿ ಕೊಂಕಣಿಯಲ್ಲಿ ಹೇಳಿದರು. ಮೂರು ವಾರ ಮುಖ ತೋರಿಸಲಿಲ್ಲ. ಆ ಮೂರು ವಾರಗಳಷ್ಟು ಚೆನ್ನಾಗಿ ಕಲಿಸಿದ್ದು ನನಗೆ ನೆನಪಿಲ್ಲ.

ವಾಚನಾಲಯದ ವಾರ್ಷಿಕೋತ್ಸವ ಹತ್ತಿರ ಬಂತು. ವಿದ್ಯಾ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ಬೆಂಗಳೂರಿನಿಂದ ಬರುತ್ತಾರೆ ಎಂದು ತಿಳಿದದ್ದೇ ಅಧ್ಯಕ್ಷರಿಗೆ ಹಿಂದಿನ ಜಗಲಿ ನೆನಪಾಯಿತು. ಅಕ್ಷರ ಸೇವೆಯ ಫಲವನ್ನು ವೇದಿಕೆಯ ಮೇಲೆ ತೋರಿಸಬೇಕು, ಒಬ್ಬಳು ನಿಂತು ನಾಲ್ಕು ವಾಕ್ಯ ಓದಬೇಕು. ಎತ್ತರದವಳನ್ನು ಆರಿಸಿದರು. ಆದರೆ ಅವಳು ಓದಿಯಾಳು ಎಂಬ ನಂಬಿಕೆ ಅವರಿಗಿರಲಿಲ್ಲ. ಹಾಗಾಗಿ ಡಾಕ್ಟ್ರಮ್ಮ ಅವಳಿಗೆ ಬಾಯಿಪಾಠ ಮಾಡಿಸಲು ಕೂತರು: ಅಜ್ಞಾನದ ಕತ್ತಲೆಯಲ್ಲಿ ಮುಳುಗಿದ್ದ ನಮ್ಮನ್ನು ಅಕ್ಷರದ ಬೆಳಕಿಗೆ ತಂದ ಮಹನೀಯರಿಗೆ ನಮೋ ನಮಃ.

"ನಾನು ಓದ್ತೇನಲ್ಲ. ಬಾಯಿಪಾಠ ಎಂತಕ್ಕೆ?" ಎಂದು ಅವಳು ನನ್ನನ್ನು ಕೇಳಿದಳು.

"ಅವರಿಗೆ ಧೈರ್ಯ ಇಲ್ಲ," ಎಂದೆ.

"ನಿಮಗೆ ಉಂಟಾ?"

"ಉಂಟು," ಎಂದೆ. ಅವಳಿಗೆ ಓದಲು ಬರುತ್ತದೆ ಎಂಬ ಧೈರ್ಯ ನನಗಿತ್ತು. ಬೇರೆ ಧೈರ್ಯ ಅವಳು ಕೇಳಿರಲಿಲ್ಲ.

ಸಮಾರಂಭ ಒಳಗಿನ ಹಾಲಿನಲ್ಲಿ. ಕಪಾಟುಗಳನ್ನು ಗೋಡೆಗೆ ಸರಿಸಿ, ಬೆಂಚು ಹಾಕಿ, ಒಂದು ಕೊನೆಯಲ್ಲಿ ವೇದಿಕೆ ಮಾಡಿದ್ದರು. ಹಲವು ತಿಂಗಳ ನಂತರ ಹೆಂಗಸರು ಆ ಹಾಲಿನೊಳಗೆ ಕಾಲಿಟ್ಟದ್ದು ಅವತ್ತೇ. ಸೂಚನೆಯನ್ನು ತೆಗೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ, ನನಗೂ ಅನಿಸಿರಲಿಲ್ಲ. ದಿನಾ ನೋಡಿ ನೋಡಿ ಅದು ಗೋಡೆಯೇ ಆಗಿತ್ತು.

ಅವಳು ವೇದಿಕೆ ಹತ್ತಿ, ಕೈಯಲ್ಲಿ ಕಾಗದ ಹಿಡಿದು, ಬಾಯಿಪಾಠ ಒಪ್ಪಿಸಿದಳು. ಚಪ್ಪಾಳೆ ಆಯಿತು. ಅಧಿಕಾರಿ ಬೇಸತ್ತಿದ್ದರೋ, ಅನುಮಾನ ಬಂತೋ ಗೊತ್ತಿಲ್ಲ, ಕುರ್ಚಿಯಿಂದಲೇ ನಗುತ್ತಾ, "ಕಾಗದ ಬಿಟ್ಟು ಬೇರೆ ಏನಾದರೂ ಓದಮ್ಮ, ನೋಡೋಣ. ಈ ಕೋಣೆಯಲ್ಲಿ ಕಾಣುವುದು ಏನಾದರೂ," ಎಂದರು. ಅಧ್ಯಕ್ಷರ ಮುಖ ಬಾಡಿತು. ಡಾಕ್ಟ್ರಮ್ಮ ನನ್ನ ಮೊಣಕೈ ಹಿಡಿದರು.

ಅವಳು ಸುತ್ತ ನೋಡಿದಳು. ಎದುರಿನ ಗೋಡೆಯಲ್ಲಿ, ಕಪಾಟಿನ ಮೇಲೆ, ದೊಡ್ಡ ಅಕ್ಷರದಲ್ಲಿ ಇದ್ದದ್ದು ಅದೊಂದೇ. ಅವಳು ಗಟ್ಟಿ ಸ್ವರದಲ್ಲಿ, ಒಂದೊಂದೇ ಪದ ಹಿಡಿದು ಓದಿದಳು.

"ಕೊಳಕು. ಕೈಯವರು. ಪುಸ್ತಕ... ಪುಸ್ತಕಗಳನ್ನು. ಮುಟ್ಟ. ಬಾರದು."

ಆಮೇಲೆ, ಯಾರೂ ಹೇಳದಿದ್ದರೂ, ಇಡೀ ವಾಕ್ಯವನ್ನು ಒಂದೇ ಉಸಿರಿಗೆ ಇನ್ನೊಮ್ಮೆ ಓದಿದಳು. ಎರಡನೆಯ ಸಲ ಓದುವಾಗ ಅವಳ ಸ್ವರ ಸಣ್ಣದಾಯಿತು.

ಈಗ ಏನಾದರೂ ಆಗುತ್ತದೆ, ಯಾರಾದರೂ ತಲೆ ತಗ್ಗಿಸುತ್ತಾರೆ ಎಂದು ಕಾದೆ. ಅಧ್ಯಕ್ಷರು ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. "ಭೇಷ್! ಒಂದಕ್ಷರ ತಪ್ಪಿಲ್ಲ!" ಎಂದರು. ಅಧಿಕಾರಿ, "ಉಚ್ಚಾರ ಬಹಳ ಸ್ಪಷ್ಟ," ಎಂದರು. ಡಾಕ್ಟ್ರಮ್ಮ ನನ್ನ ಮೊಣಕೈ ಬಿಟ್ಟು, "ಸದ್ಯ, ಮರ್ಯಾದೆ ಉಳಿಯಿತು," ಎಂದು ಶಿಲುಬೆಯ ಗುರುತು ಹಾಕಿಕೊಂಡರು. ನೂರು ಜನರ ಆ ಹಾಲಿನಲ್ಲಿ ಅವಳು ಓದಿದ್ದು ಏನು ಎಂದು ಕೇಳಿಸಿಕೊಂಡವರು ಎಂಟು ಹೆಂಗಸರು, ನಾನು, ಮತ್ತು ಬಾಗಿಲ ಬಳಿ ನಿಂತಿದ್ದ ಗ್ರಂಥಪಾಲಕರು. ಅವರು ನಶ್ಯದ ಡಬ್ಬಿಯನ್ನು ತೆರೆದು, ಏರಿಸದೆ, ಮುಚ್ಚಿ ಇಟ್ಟುಕೊಂಡರು.

ಮುಗಿದ ಮೇಲೆ ಹಿಂದಿನ ಜಗಲಿಯಲ್ಲಿ ಹೆಂಗಸರಿಗೆ ಗೋಳಿಬಜೆ, ಕಾಫಿ ಕೊಟ್ಟರು. ಅವಳು ಮುಟ್ಟಿರಲಿಲ್ಲ. ನಾನು ಹತ್ತಿರ ಹೋದಾಗ ಎದ್ದು ನಿಂತಳು.

"ನಾನು ಓದಿದ್ದು ಸರಿ ಉಂಟಾ ಬಾಯಮ್ಮ?"

"ಸರಿ ಉಂಟು."

"ಕೊಳಕು ಕೈಯವರು ಅಂದ್ರೆ ನಾವಾ?"

"ಅದು ಎಲ್ಲರಿಗೂ ಹೇಳಿದ್ದು. ಹಾಗೆ ಸುಮ್ಮನೆ..."

"ಯಾರು ಬರ್ದದ್ದು?"

"ಕಮಿಟಿಯವರು," ಎಂದೆ.

ಅವಳು ನನ್ನನ್ನು ಮೊದಲ ದಿನ ನೋಡಿದಂತೆಯೇ, ಅಳೆಯುವ ಹಾಗೆ ನೋಡಿದಳು. "ಹಲ್ಲಿಯ ಬಾಲ ಕಮಿಟಿಯವರಿಗೂ ಉಂಟಾ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳ ಗಂಡ ಪೇಪರು ಓದಿ ಮುಗಿಸಿದಾಗ ಅವನನ್ನು ಅವಳು ಹೀಗೆಯೇ ನೋಡುತ್ತಿರಬೇಕು ಎನಿಸಿತು. ಸೆರಗು ಹೊದ್ದು, ಉಳಿದವರನ್ನು ಕರೆದುಕೊಂಡು, ಹಿಂದಿನ ಗೇಟಿನಿಂದ ಹೊರಟುಹೋದಳು.

ಮುಂದಿನ ಭಾನುವಾರ ಒಬ್ಬರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. "ಇವರಿಗೆ ಕಲಿಯುವ ಮನಸ್ಸೇ ಇಲ್ಲ ಮಾರಾಯ್ರೆ. ನಾವು ಎಷ್ಟೆಂದು ಹೊತ್ತುಕೊಂಡು ಹೋಗುವುದು?" ಎಂದರು ಅಧ್ಯಕ್ಷರು. ಆಮೇಲೆ ಕಮಿಟಿಯ ವರದಿಯಲ್ಲಿ ಅಕ್ಷರ ಸೇವೆ ಯಶಸ್ವಿಯಾಗಿ ಸಂಪನ್ನಗೊಂಡಿತು ಎಂದು ಬರೆಸಿದರು. ಅವರ ಕೈಗೆ ಸಿಕ್ಕಿದ ಯಾವುದೂ ನಿಂತುಹೋಗುತ್ತಿರಲಿಲ್ಲ, ಸಂಪನ್ನಗೊಳ್ಳುತ್ತಿತ್ತು.

ಅದೇ ವಾರ ಗೋಡೆಯ ಸೂಚನೆ ಕಾಣೆಯಾಯಿತು. ಅಂಟಿಸಿದ್ದ ಜಾಗದಲ್ಲಿ ಒದ್ದೆ ಗುರುತು ಮಾತ್ರ ಇತ್ತು. "ಎಲ್ಲಿ ಹೋಯಿತು ಭಟ್ರೇ?" ಎಂದು ಅಧ್ಯಕ್ಷರು ಗ್ರಂಥಪಾಲಕರನ್ನು ಕೇಳಿದರು.

"ಗಾಳಿಗೆ ಹೋಯ್ತು," ಎಂದರು ಅವರು ಕಣ್ಣು ಮುಚ್ಚಿಕೊಂಡೇ.

ಅಧ್ಯಕ್ಷರು ನನ್ನ ಕಡೆ ತಿರುಗಿ ಇನ್ನೊಂದು ಬರೆದುಕೊಡಿ ಎಂದರು. ಬರೆಯುವುದಿಲ್ಲ ಎಂದು ಹೇಳಿದೆ ಎಂದು ಇಲ್ಲಿ ಬರೆಯಲು ಬಹಳ ಆಸೆ. ಹೇಳಿದ್ದು, "ಕೈ ನೋಯುತ್ತಾ ಉಂಟು," ಎಂದು. ಡಾಕ್ಟ್ರಮ್ಮ ಬರೆದುಕೊಟ್ಟರು. 'ಕೊಲಕು ಕೈಯವರು' ಎಂದು ಬರೆದರು. ಅದು ಹಾಗೆಯೇ ವರ್ಷಗಟ್ಟಲೆ ಗೋಡೆಯಲ್ಲಿ ಇತ್ತು. ವಾಚನಾಲಯಕ್ಕೆ ಬರುವ ವಿದ್ಯಾವಂತರು ಯಾರೂ ತಿದ್ದಲಿಲ್ಲ.

ಅವತ್ತು ಅಧ್ಯಕ್ಷರು ಹೋದ ಮೇಲೆ ಗ್ರಂಥಪಾಲಕರು ನನ್ನನ್ನು ಕರೆದರು. ಅವರು ನನ್ನೊಡನೆ ಪುಸ್ತಕದ ವಿಷಯ ಬಿಟ್ಟು ಮಾತಾಡಿದ್ದು ಅದೇ ಮೊದಲು.

"ನೀವು ಹೋಗಿ ಅವರ ಹತ್ರ ಮಾತಾಡುದಿಲ್ವಾ?"

"ಯಾರ ಹತ್ತಿರ?"

"ಎಂತ ಮಾರಾಯ್ರೆ, ಗೊತ್ತಿಲ್ಲದವರ ಹಾಗೆ. ಆ ಕಾರ್ಖಾನೆ ನಾನು ದಿನಾ ಬರುವ ದಾರಿಯಲ್ಲೇ ಉಂಟು. ಮಧ್ಯಾಹ್ನ ಊಟಕ್ಕೆ ಬಿಡುವಾಗ ಗೇಟಿನ ಹತ್ರ ಸಿಗ್ತಾರೆ. ಮೊದಲು ನಾನು ಕರೆದಾಗಲೂ ಅಲ್ಲಿಯೇ ನಿಂತು ಕರೆದದ್ದು."

ಆಗ ನನಗೆ ಗೊತ್ತಾಯಿತು, ಅಧ್ಯಕ್ಷರ ಭಾಷಣಕ್ಕೆ ಕಾಲು ಬಂದದ್ದು ಎಲ್ಲಿಂದ ಎಂದು. ಫೋಟೋ ತೆಗೆದ ಮರುದಿನವೇ ಅವರು ಕಾರ್ಖಾನೆಯ ಗೇಟಿನ ಮುಂದೆ ನಿಂತು, ಊಟಕ್ಕೆ ಹೊರಬಂದವರಿಗೆ ಒಬ್ಬೊಬ್ಬರಿಗೇ ಹೇಳಿದ್ದರಂತೆ. ಹಳೆಯ ಪತ್ರಿಕೆಗಳನ್ನೂ ಕಟ್ಟಿ ಒಯ್ದು ಕೊಡುತ್ತಿದ್ದರಂತೆ. ಹನ್ನೊಂದು ಜನ ಸ್ವಯಂಸೇವಕರ ಫೋಟೋದಲ್ಲಿ ಅವರಿಲ್ಲ. ಅವರು ಸಂಬಳದವರು.

"ಆ ಚಿತ್ರದ ಪುಸ್ತಕದ ಕಲೆ..." ಎಂದೆ ನಾನು.

"ನನ್ನದೇ. ಹೇಳ್ಲಿಕ್ಕೆ ಹೋದೆ. ವಕೀಲರು, ನೀವು ಸುಮ್ಮನಿರಿ ಭಟ್ರೇ ಅಂದ್ರು. ಸುಮ್ಮನಾದೆ." ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು, "ನೀವೂ ಸುಮ್ಮನೆ ಇದ್ರಿ," ಎಂದರು.

ಬುಧವಾರ ನಮ್ಮ ಶಾಲೆ ಮಧ್ಯಾಹ್ನ ಬೇಗ ಬಿಡುತ್ತಿತ್ತು. ಬಸ್ಸು ಹಿಡಿದು ಕಾರ್ಖಾನೆಗೆ ಹೋದೆ. ಸುಟ್ಟ ಸಿಪ್ಪೆಯ ಹೊಗೆ ದೂರದಿಂದಲೇ ಗಂಟಲಿಗೆ ಹತ್ತಿತು. ಗೇಟಿನ ಹೊರಗೆ, ಮುರಕಲ್ಲಿನ ಕಾಂಪೌಂಡಿನ ನೆರಳಿನಲ್ಲಿ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ಎತ್ತರದವಳು ಕೂತಿರಲಿಲ್ಲ. ಎಲೆಯಡಿಕೆಯ ಸುಣ್ಣವನ್ನು ಬೆರಳಿಗೆ ತೆಗೆದು ಕೆಂಪು ಕಲ್ಲಿನ ಮೇಲೆ ದೊಡ್ಡದಾಗಿ ಬರೆಯುತ್ತಿದ್ದಳು. ಮುಂದೆ ಕೂತಿದ್ದವರು ಹಳೆಯ ಎಂಟೇ ಜನ ಅಲ್ಲ, ಹದಿನೈದು ಜನ ಇದ್ದರು. 'ಊಟ' ಎಂದು ಬರೆದಿದ್ದಳು. ಅನ್ನ ಕಲಸಿದ ಕೈಯನ್ನೇ ಗಾಳಿಯಲ್ಲಿ ಆಡಿಸಿ ಎಲ್ಲರೂ ಬರೆಯುತ್ತಿದ್ದರು.

ಅವಳ ಹತ್ತಿರ ಹೋಗಿ ನಿಂತೆ. "ಆ ಸೂಚನೆ ನಾನೇ ಬರೆದದ್ದು," ಎಂದೆ.

"ಗೊತ್ತುಂಟು."

"ತಪ್ಪಾಯಿತು."

"ಹೌದು, ತಪ್ಪೇ," ಎಂದಳು. ಅಷ್ಟೇ. ಪರವಾಗಿಲ್ಲ ಎನ್ನಲಿಲ್ಲ. ಇನ್ನಷ್ಟು ಬೈಯಲೂ ಇಲ್ಲ. ಗೋಡೆಯ ಕಡೆ ತಿರುಗಿ ಇನ್ನೊಂದು ಪದ ಬರೆದಳು. ಅದರಲ್ಲಿ ದೀರ್ಘ ಬಿಟ್ಟುಹೋಗಿತ್ತು. ನಾನು ಅಭ್ಯಾಸಬಲದಿಂದ ಬಾಯಿ ತೆರೆದೆ.

"ನೀವು ಕೂತ್ಕೊಳ್ಳಿ ಬಾಯಮ್ಮ," ಎಂದಳು. "ನಾನು ಕೇಳುವಾಗ ಹೇಳಿ."

ನೆಲದ ಮೇಲೆ ಕೂತೆ. ಹಿರಿಯಳು ಸರಿದು ಜಾಗ ಕೊಟ್ಟಳು, ಒಂದು ತುಂಡು ಉಪ್ಪಿನಕಾಯಿಯನ್ನೂ ಕೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಎತ್ತರದವಳೇ ತಿರುಗಿ, ಈ ದೀರ್ಘ ಎಲ್ಲಿ ಬರಬೇಕು ಎಂದು ಕೇಳಿದಳು. ಹೇಳಿದೆ. ಹೊರಡುವಾಗ, "ಬರುದಾದ್ರೆ ಬಳಪ ತನ್ನಿ. ಸುಣ್ಣದಲ್ಲಿ ಬೆರಳು ಇನ್ನೂ ಉರಿತದೆ. ಡಾಕ್ಟ್ರಮ್ಮನನ್ನು ತರ್ಬೇಡಿ," ಎಂದಳು.

ಎರಡು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಕಾಲ ಬುಧವಾರಗಳಲ್ಲಿ ಹೋದೆ. ಕಲಿಸಿದ್ದು ಅವಳು. ನಾನು ಬಳಪ ಒಯ್ಯುವವಳು, ಕೇಳಿದಾಗ ಹೇಳುವವಳು. ಗ್ರಂಥಪಾಲಕರು ವಾಚನಾಲಯದಿಂದ ಪುಸ್ತಕಗಳನ್ನು ತಮ್ಮ ಹೆಸರಿನಲ್ಲಿ ಬರೆಸಿಕೊಂಡು, ಚೀಲದಲ್ಲಿ ಹಾಕಿ, ಗೇಟಿನ ಬಳಿ ಇಳಿಸಿ ಹೋಗುತ್ತಿದ್ದರು. ಅಧ್ಯಕ್ಷರು ಒಮ್ಮೆ ಆ ರಿಜಿಸ್ಟರು ನೋಡಿ, ಭಟ್ರು ಈ ವಯಸ್ಸಿನಲ್ಲಿ ಇಷ್ಟು ಓದುತ್ತಾರಲ್ಲ ಎಂದು ಸಭೆಯಲ್ಲಿ ಹೊಗಳಿದರು. ಪುಸ್ತಕಗಳು ಹಿಂದೆ ಬರುವಾಗ ಪುಟಗಳ ಅಂಚಿನಲ್ಲಿ ಕಪ್ಪು ಬೆರಳ ಗುರುತುಗಳಿರುತ್ತಿದ್ದವು. ಅದನ್ನು ಯಾರೂ ಕಂಡುಹಿಡಿಯಲಿಲ್ಲ. ಕಂಡುಹಿಡಿಯಬೇಕಾದರೆ ಪುಸ್ತಕ ತೆರೆಯಬೇಕಲ್ಲ.

ಹದಿನೈದು ಜನರಲ್ಲಿ ಆರು ಮಂದಿ ಪತ್ರಿಕೆ ಓದುವಷ್ಟು ಕಲಿತರು. ಕೆಲವರು ಹೆಸರು ಬರೆಯುವಷ್ಟು. ಇಬ್ಬರಿಗೆ ಏನು ಮಾಡಿದರೂ ಬರಲಿಲ್ಲ, ಆದರೂ ಕೊನೆಯವರೆಗೂ ಬಂದು ಕೂತರು. ಹಿರಿಯಳು ಒಂದು ಮಳೆಗಾಲದಲ್ಲಿ ಎದೆನೋವಿಂದ ತೀರಿಕೊಂಡಳು. ಆಮೇಲೆ ನನಗೆ ಬೇರೆ ಊರಿನ ಶಾಲೆಗೆ ವರ್ಗವಾಯಿತು. ಹೊರಡುವ ಮುಂಚಿನ ಬುಧವಾರ ಗೇಟಿಗೆ ಹೋಗಿ ವಿಷಯ ಹೇಳಿದೆ. ಅವತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಹೆಂಗಸು ಬಂದಿದ್ದಳು. ಬಳಪವನ್ನು ಸೌಟು ಹಿಡಿದ ಹಾಗೆ ಹಿಡಿದಿದ್ದಳು. ಎತ್ತರದವಳು ಅವಳ ಹಿಂದೆ ಬಗ್ಗಿ ನಿಂತು, ಆ ಮುಷ್ಟಿಯನ್ನು ತನ್ನ ಕೈಯಿಂದ ಬಿಡಿಸಿ, ಒಂದೊಂದೇ ಬೆರಳನ್ನು ಸರಿಯಾಗಿ ಕೂರಿಸುತ್ತಿದ್ದಳು.

"ಹಾಗಾದ್ರೆ ಹೋಗಿ ಬನ್ನಿ ಬಾಯಮ್ಮ," ಎಂದಳು ತಲೆ ಎತ್ತದೆ. "ಬಳಪದ ಡಬ್ಬಿ ಅಲ್ಲೇ ಇಟ್ಟು ಹೋಗಿ."

ಇಟ್ಟು ಬಂದೆ.